ಸೂರಿನ ಮೇಲಿನ ಕುಂಬಳಕಾಯಿ

ಇಸ್ಮಾನಿ ನಮ್ಮ ಹಿತ್ತಲಿನ ಕೋಣೆಗೆ ಬಾಡಿಗೆಗೆ ಬಂದ ಮೊದಲ ಸಂಜೆಯೇ ಭೂಮಿ ನಡುಗಿತು. ದೊಡ್ಡದೇನಲ್ಲ. ಚಿಲಿಯಲ್ಲಿ ಅಷ್ಟಕ್ಕೆಲ್ಲ ಯಾರೂ ಊಟ ಬಿಟ್ಟು ಏಳುವುದಿಲ್ಲ. ದೀಪ ಎಷ್ಟು ತೂಗುತ್ತದೆ ಎಂದು ನೋಡುತ್ತೇವೆ, ಲೋಟ ಚೆಲ್ಲದ ಹಾಗೆ ಹಿಡಿದುಕೊಳ್ಳುತ್ತೇವೆ, ನಿಂತ ಮೇಲೆ ಅರ್ಧಕ್ಕೆ ಬಿಟ್ಟ ಮಾತನ್ನು ಮುಂದುವರಿಸುತ್ತೇವೆ. ನಾನು ಬೀನ್ಸ್ ಕಾಳಿನ ಸಾರಿಗೆ ರೊಟ್ಟಿ ಅದ್ದಿದವನು ಹಾಗೇ ಕೂತಿದ್ದೆ. ನನ್ನ ಹೆಂಡತಿ ಎಡೆಲ್ಮಿರಾ ಸೊಟ್ಟಗಾದ ಮೇರಿ ಮಾತೆಯ ಪಟವನ್ನು ನೆಟ್ಟಗೆ ಮಾಡಿ, "ಮುದುಕಾ, ಹಿತ್ತಲಲ್ಲಿ ಯಾರೋ ಕೂಗ್ತಿದಾರೆ" ಅಂದಳು.

ಹೋಗಿ ನೋಡಿದರೆ ಆ ಹುಡುಗಿ ಬರಿಗಾಲಲ್ಲಿ ಕೋಳಿಗಳ ನಡುವೆ ನಿಂತಿದ್ದಳು. ಎರಡೂ ಕೈ ತಲೆಯ ಮೇಲೆ. ಕಣ್ಣು ನಮ್ಮ ಮೇಲಿಲ್ಲ, ಗಂಡನ ಮೇಲಿಲ್ಲ, ಕೋಣೆಯ ಸೂರಿನ ಮೇಲೆ. ಗಂಡ ವಿಲ್ನೆರ್ ಅವಳ ಹೆಗಲು ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದ.

"ಮುಗೀತು ಮಗಳೇ, ಒಳಗೆ ಹೋಗು" ಅಂದಳು ಎಡೆಲ್ಮಿರಾ.

"ಅವಳು ಹೋಗಲ್ಲಮ್ಮ" ಅಂದ ವಿಲ್ನೆರ್. "ನಮ್ಮೂರಲ್ಲಿ ಹೀಗೇ ಆದಾಗ ಅವಳಕ್ಕ ಒಳಗೆ ಮಲಗಿದ್ಲು. ಇವಳು ನೀರಿಗೆ ಅಂತ ಹೊರಗೆ ಹೋಗಿದ್ಲು."

ಅಷ್ಟೇ ಹೇಳಿದ. ಅವರದು ಹೈಟಿ ದೇಶ. ಅಲ್ಲಿನ ಮನೆಗಳಿಗೆ ಸಿಮೆಂಟಿನ ತಾರಸಿ. ಆ ದಿನ ಅವು ಪೇರಿಸಿದ ರೊಟ್ಟಿಗಳ ಹಾಗೆ ಒಂದರ ಮೇಲೊಂದು ಕೂತುಬಿಟ್ಟವಂತೆ. ಭೂಕಂಪಕ್ಕೆ ಅಲ್ಲಿಯ ಜನ ಅದರ ಸದ್ದನ್ನೇ ಹೆಸರಾಗಿ ಇಟ್ಟಿದ್ದಾರೆ: ಗುಡುಗುಡು. ಹೊರಗಿದ್ದವಳು ಉಳಿದಳು, ಒಳಗಿದ್ದವಳು ಹೋದಳು. ಅಂದಿನಿಂದ ಇಸ್ಮಾನಿ ಸೂರಿನ ಕೆಳಗೆ ಕಣ್ಣು ಮುಚ್ಚಿದವಳಲ್ಲ. ಅಂಥವಳು ಬಂದು ಸೇರಿದ್ದು ಎಂಥ ದೇಶಕ್ಕೆ ಅನ್ನುತ್ತೀರಿ? ನಮ್ಮ ನೆಲ ಹಸುವಿನ ಚರ್ಮದ ಹಾಗೆ, ನೊಣ ಕೂತರೂ ಅದುರುತ್ತದೆ.

ಅವಳು ಹಾಸಿಗೆ ಹಾಕಿಕೊಂಡದ್ದು ಹಿತ್ತಲಿನ ಮೂಲೆಯಲ್ಲಿ, ಮರವಾಗಲಿ ಗೋಡೆಯಾಗಲಿ ತಂತಿಯಾಗಲಿ ಇಲ್ಲದ ಜಾಗದಲ್ಲಿ. ಅಲ್ಲಿ ನನ್ನ ಎದೆಯೆತ್ತರ ಕಳೆ ಬೆಳೆದಿತ್ತು. ಅದರೊಳಗೆ ನನ್ನ ಮಾವನ ಕತ್ತೆಯೊಂದು ಹೊಕ್ಕು ಎರಡು ವರ್ಷದ ಮೇಲೆ ಮರಿಯ ಸಮೇತ ಹೊರಗೆ ಬಂದಿತ್ತು ಎಂದರೆ ಎಡೆಲ್ಮಿರಾ ನಂಬುವುದಿಲ್ಲ, ಅದು ಗಂಡುಕತ್ತೆ ಅನ್ನುತ್ತಾಳೆ. ಇಸ್ಮಾನಿ ಮಲಗಲೆಂದು ಅಷ್ಟನ್ನೂ ಕಿತ್ತಳು. ನೆಲ ಕಂಡಿದ್ದೇ ಎಡೆಲ್ಮಿರಾಳ ಕೈ ಸುಮ್ಮನಿರಲಿಲ್ಲ. ಒಂದು ಹಿಡಿ ಬೀಜ ತಂದು ಅವಳ ಉಡಿಗೆ ಸುರಿದಳು. ಕುಂಬಳ, ಬೀನ್ಸ್, ಒಂದಿಷ್ಟು ಮೆಕ್ಕೆಜೋಳ.

"ನನಗೆ ಬರಲ್ಲಮ್ಮ. ನಾನು ಪೇಟೆಯಲ್ಲಿ ಹಳೇ ಬಟ್ಟೆ ಮಾರ್ತಿದ್ದೋಳು."

"ಬೀಜಕ್ಕೆ ಬರುತ್ತೆ. ನೀನು ಮಣ್ಣು ಮುಚ್ಚು ಸಾಕು."

ಅವಳ ತೋಟ ಶುರುವಾದದ್ದು ಹೀಗೆ. ಆದರೆ ಅವಳು ಅಗೆಯುತ್ತಿದ್ದ ರೀತಿಯನ್ನು ನೋಡಬೇಕಿತ್ತು. ಗುದ್ದಲಿ ಕೊಟ್ಟರೆ ಮುಟ್ಟಲಿಲ್ಲ. ಸಾರಿನ ಸೌಟು ತಂದುಕೊಂಡು, ತೊಟ್ಟಿಲ ಕೂಸು ಏಳದ ಹಾಗೆ, ನೆಲವನ್ನು ಮೆಲ್ಲಗೆ ಕೆರೆಯುತ್ತಿದ್ದಳು.

"ಅದಕ್ಕೆ ನೋವಾಗಲ್ಲ, ಜೋರಾಗಿ ಹೊಡಿ" ಅಂದೆ.

"ಎದ್ದುಬಿಟ್ರೆ ತಾತ?"

ನಾನು ನಗಿಸೋಣ ಎಂದು ನನ್ನ ಚಿಕ್ಕಪ್ಪನ ಕಥೆ ಹೇಳಿದೆ. ದೊಡ್ಡ ಭೂಕಂಪದ ದಿನ ಅವನು ಕ್ಷೌರಕ್ಕೆ ಕೂತಿದ್ದ. ಕ್ಷೌರಿಕ ಗಾಬರಿಯಾಗಿ ಕತ್ತಿ ಹಿಡಿದ ಕೈಯನ್ನು ಅಲ್ಲಾಡಿಸದೆ ನಿಂತುಬಿಟ್ಟ. ಚಿಕ್ಕಪ್ಪನ ಮುಖವೇ ಕತ್ತಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಕ್ಷೌರ ಮುಗಿಯಿತು. ಅಷ್ಟು ನುಣ್ಣಗೆ ಆಮೇಲೆ ಅವನಿಗೆ ಯಾರೂ ಮಾಡಲಿಲ್ಲ. ಈ ಕಥೆಗೆ ಪಾದ್ರಿಗಳೇ ನಕ್ಕಿದ್ದಾರೆ. ಇಸ್ಮಾನಿ ನಗಲಿಲ್ಲ.

"ಆ ಅಂಗಡಿ ಸೂರು ಬಿತ್ತಾ ತಾತ?"

ಆ ಕಥೆಯಲ್ಲಿ ಸೂರೇ ಇರಲಿಲ್ಲ.

ನಮ್ಮ ಕಡೆ ಕಾಲುವೆಯ ನೀರು ಸರದಿಯ ಮೇಲೆ ಬರುತ್ತದೆ. ನಮ್ಮ ಸರದಿ ಗುರುವಾರ. ಮೇಲಿನ ತೋಟದವರು ತೂಬಿನ ಹಲಗೆ ಎತ್ತಿದರೆ ಒಣಗಿದ ಕಾಲುವೆಯಲ್ಲಿ ನೀರು ಕಲ್ಲು ಉರುಳಿಸಿಕೊಂಡು ಬರುತ್ತದೆ. ಮೊದಲ ಗುರುವಾರ ನೀರು ತೋಟದ ಕಡೆ ತಿರುಗಲೆಂದು ಅವಳಿಗೆ ಅಡ್ಡ ಹಲಗೆ ಹಿಡಿಯಲು ಹೇಳಿ ನಾನು ಸಿಗರೇಟು ಹಚ್ಚಲು ಈಚೆ ಬಂದಿದ್ದೆ. ದೂರದಿಂದ ಆ ಸದ್ದು ಕೇಳಿದ್ದೇ ತಡ, ಅವಳು ಹಲಗೆ ಬಿಸಾಡಿ ಓಡಿದಳು. ನೀರೆಲ್ಲ ಕೋಳಿಗೂಡಿಗೆ ನುಗ್ಗಿತು. ಅವತ್ತು ಈಜು ಕಲಿತ ನಮ್ಮ ಕೋಳಿಗಳು ಆಮೇಲೆ ಬಾತುಮರಿಗಳನ್ನೇ ಹಾಕಿದವು ಎಂದು ಊರಿಗೆಲ್ಲ ಹೇಳಿದ್ದೇನೆ. ಆ ಹೊತ್ತಿನಲ್ಲಿ ಮಾತ್ರ ನನಗೆ ನಗು ಬರಲಿಲ್ಲ. ಅವಳು ರಸ್ತೆಯ ನಡುವೆ ಕೂತಿದ್ದಳು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದಿದ್ದಳು.

ಎಡೆಲ್ಮಿರಾ ಆ ಕೈ ನೋಡಿದವಳೇ ಪಕ್ಕದಲ್ಲಿ ಕುಕ್ಕರಿಸಿದಳು. "ಎಷ್ಟು ತಿಂಗಳು ಮಗಳೇ?"

"ಮೂರು ಇರಬೇಕಮ್ಮ."

ಎಡೆಲ್ಮಿರಾ ಬೆರಳು ಮಡಿಚಿ ಎಣಿಸಿದಳು. ಜೂನ್. ಜೂನ್ ಅಂದರೆ ನಮ್ಮಲ್ಲಿ ನಡುಚಳಿಗಾಲ. ಮಳೆ ಒಮ್ಮೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಬಿಟ್ಟ ಬೆಳಿಗ್ಗೆ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗಿರುತ್ತದೆ. ಹಸುಗೂಸನ್ನು ಹಿತ್ತಲಲ್ಲಿ ಮಲಗಿಸುವ ಕಾಲವಲ್ಲ ಅದು.

ಸೇಬಿನ ತೋಟದ ಕೆಲಸ ಮುಗಿಸಿ ಬಂದ ವಿಲ್ನೆರ್ ಅಂದು ಹಿತ್ತಲಿನ ಬಯಲಲ್ಲಿ ಊಟಕ್ಕೆ ಕೂತಾಗ ಅವಳೆದುರಿಗೇ ಹೇಳಿದ. "ಮಳೆ ಬರೋದ್ರೊಳಗೆ ಇವಳು ಒಳಗೆ ಮಲಗಬೇಕು ತಾತ. ಇಲ್ಲಾಂದ್ರೆ ಉತ್ತರಕ್ಕೆ, ನನ್ನ ಚಿಕ್ಕಮ್ಮನ ಮಗಳ ಹತ್ರ ಕಳಿಸ್ತೀನಿ. ಅಲ್ಲಿ ಮರುಭೂಮಿ, ಮಳೇನೇ ಬೀಳಲ್ಲ."

"ನೀನೂ ಹೋಗ್ತೀಯಾ?" ಅಂದೆ.

"ನಾನು ಹೋದ್ರೆ ಇಲ್ಲಿ ಕೆಲಸ ಯಾರು ಮಾಡ್ತಾರೆ?"

ಅಕ್ಕನಿಲ್ಲ, ಅಮ್ಮನಿಲ್ಲ, ಹೆರಿಗೆಯ ಹೊತ್ತಿಗೆ ಗಂಡನೂ ಇಲ್ಲದ ಮರಳಿನ ಊರನ್ನು ಇಸ್ಮಾನಿ ಕಣ್ಣೆದುರು ನೋಡುತ್ತಿದ್ದಳು. ನೆಲ ಅಲ್ಲಿಯೂ ನಡುಗುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ. ಎಡೆಲ್ಮಿರಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಬೇಸಿಗೆಯೆಲ್ಲ ಅವಳು ಪ್ರಯತ್ನಪಟ್ಟಳು. ಸಂಜೆ ಕೋಣೆಯ ಹೊಸ್ತಿಲವರೆಗೆ ಹೋಗುವಳು, ಒಂದು ಕಾಲು ಒಳಗಿಡುವಳು, ಮೇಲೆ ನೋಡುವಳು, ತಿರುಗಿ ಬರುವಳು. ಬಳ್ಳಿಗಳಿಗೆ ಮಾತ್ರ ಯಾವ ಹೆದರಿಕೆಯೂ ಇರಲಿಲ್ಲ. ಬೀನ್ಸ್ ಜೋಳದ ದಂಟು ಹಿಡಿದು ಏರಿತು. ಕುಂಬಳದ ಬಳ್ಳಿ ಅವಳ ಹಾಸಿಗೆಯನ್ನು ಸುತ್ತಿಕೊಂಡು, ಬೇಲಿ ಹಾರಿ, ಪಕ್ಕದ ಮನೆಯವರ ಸೈಕಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಅವರು ಸೈಕಲ್ಲು ಹತ್ತಿ ಹೋದಾಗ ನಮ್ಮ ಕಾಯಿಯೊಂದು ಹಿಂದೆಯೇ ಉರುಳಿಕೊಂಡು ಸಂತೆಗೆ ಹೋಗಿಬಂತು ಎಂದು ನಾನು ಹೇಳಿದಾಗ ಇಸ್ಮಾನಿ ಮೊದಲ ಸಲ ತುಟಿ ಅಲುಗಿಸಿದಳು. ಸಂತೆಯ ಕಥೆಯಲ್ಲಿ ಸೂರಿಲ್ಲವಲ್ಲ.

ಏಪ್ರಿಲ್ ಕೊನೆಗೆ ಎಲೆ ಒಣಗಿದವು. ಕಾಯಿಗಳು ಬೂದಿಬಣ್ಣಕ್ಕೆ ತಿರುಗಿ ಮಲಗಿದ ಕುರಿಗಳ ಹಾಗೆ ಹೊರಬಂದವು. ಇಸ್ಮಾನಿ ತುಂಬಿದ ಹೊಟ್ಟೆ ಹೊತ್ತು ಅವುಗಳ ನಡುವೆ ನಡೆದು ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. "ಈ ನೆಲ ನನಗೆ ಏನಾದ್ರೂ ಕೊಡುತ್ತೆ ಅಂತ ಗೊತ್ತಿರ್ಲಿಲ್ಲ ತಾತ" ಅಂದಳು.

ತೊಂದರೆ ಬಂದದ್ದು ಆಮೇಲೆ. ನಮ್ಮಲ್ಲಿ ಕುಂಬಳಕಾಯಿ ಇಡುವುದು ಸೂರಿನ ಮೇಲೆ. ಅಪ್ಪನ ಕಾಲದಿಂದಲೂ ಹಾಗೇ. ನಮ್ಮ ಮನೆಗೆ ಹೆಂಚು, ಇಳಿಜಾರು ಹೆಚ್ಚು. ಹಾಗಾಗಿ ಪ್ರತಿ ವರ್ಷ ಕಾಯಿಗಳು ಏರುತ್ತಿದ್ದದ್ದು ಹಿತ್ತಲಿನ ಕೋಣೆಯ ತಗಡಿನ ಮೇಲಕ್ಕೆ.

"ನನ್ನ ತಲೆ ಮೇಲೆ ಬಂಡೆ ಜೋಡಿಸ್ತೀರಾ ಅಮ್ಮಾ?" ಅಂದಳು ಇಸ್ಮಾನಿ.

"ನೆಲದಲ್ಲಿ ಬಿಟ್ರೆ ಮೊದಲನೇ ಮಳೆಗೇ ಕೊಳೀತವೆ ಮಗಳೇ. ಮೇಲಿದ್ರೆ ಗಾಳಿ, ಬಿಸಿಲು, ಚಳಿಗಾಲ ಪೂರ್ತಿ ಇರ್ತವೆ."

"ಕೋಣೆ ಒಳಗಿಡೋಣ. ನಾನು ಹೇಗೂ ಹೊರಗಿರ್ತೀನಿ."

"ಇಲಿಗಳಿಗೆ ಮದುವೆ ಊಟ ಹಾಕಿಸ್ತೀಯಾ?"

ಎರಡು ದಿನ ಕಾಯಿಗಳು ನೆಲದಲ್ಲೇ ಉಳಿದವು. ವಿಲ್ನೆರ್ ಉತ್ತರದ ಬಸ್ಸಿಗೆ ಚೀಲ ತುಂಬಿಸಿ ಬಾಗಿಲ ಬಳಿ ಇಟ್ಟಿದ್ದ. ಅವಳ ತಲೆದಿಂಬೂ ಅದರೊಳಗೆ ಹೋಗಿತ್ತು. ಮೂರನೆಯ ದಿನ ಮಧ್ಯಾಹ್ನ, ಅವನು ಕೆಲಸಕ್ಕೆ ಹೋಗಿದ್ದಾಗ, ಸಮುದ್ರದ ಕಡೆಯಿಂದ ಕಪ್ಪುಮೋಡ ಏರಿತು. ಇಸ್ಮಾನಿ ಮೋಡ ನೋಡಿದಳು, ಕಾಯಿ ನೋಡಿದಳು.

"ತಾತ, ಮೇಲಿಡಿ" ಅಂದಳು. "ಕೊಳೆಯೋದು ಬೇಡ. ನಾನು ಹೇಗೂ ಹೋಗ್ತಿದೀನಿ."

ನನ್ನ ವಯಸ್ಸಿನವರು ಏಣಿ ಹತ್ತಬಾರದು ಎಂದು ವೈದ್ಯರು ಹೇಳಿದ್ದಾರೆ, ನಾನೂ ಒಪ್ಪಿದ್ದೇನೆ. ಆದರೆ ಕುಂಬಳಕಾಯಿಗೆ ಕಾಲಿಲ್ಲವಲ್ಲ. ಎಡೆಲ್ಮಿರಾ ಗೋಣಿಗೆ ಹಾಕಿ ಹಗ್ಗ ಕಟ್ಟಿ ಕೊಟ್ಟಳು, ನಾನು ಮೇಲಿಂದ ಎಳೆದು ತೊಲೆಯ ನೇರಕ್ಕೆ ಒಂದೊಂದಾಗಿ ಜೋಡಿಸಿದೆ. ಇಸ್ಮಾನಿ ಭಾರ ಎತ್ತುವ ಹಾಗಿರಲಿಲ್ಲ. ಸೂರಿನ ಅಂಚಿನ ಕೆಳಗೆ ನಿಂತು ಏಣಿ ಹಿಡಿದಿದ್ದಳು. ಹೆಚ್ಚುಕಡಿಮೆ ಎಲ್ಲ ಮೇಲೇರಿತ್ತು.

ಮೊದಲು ನಾಯಿಗಳು ಸುಮ್ಮನಾದವು. ಆಮೇಲೆ ಕೋಳಿಗಳು. ಆಮೇಲೆ ಬೆಟ್ಟದ ಕಡೆಯಿಂದ, ನೆಲದ ಅಡಿಯಿಂದ, ಆ ಸದ್ದು.

ಇದು ಲೋಟ ಹಿಡಿದುಕೊಂಡು ಕೂರುವಂಥದ್ದಲ್ಲ ಎಂದು ಮೊದಲ ಏಟಿಗೇ ತಿಳಿಯಿತು. ತಗಡಿನ ಮೊಳೆಗಳು ಕಿರುಗುಟ್ಟಿದವು. ಕಾಯಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ನಾನು ಹೊಟ್ಟೆಯ ಮೇಲೆ ಬಿದ್ದು ದೊಡ್ಡ ಕಾಯಿಯೊಂದನ್ನು ತಬ್ಬಿಕೊಂಡೆ. ಗೊತ್ತಿದ್ದ ಸಂತರನ್ನೆಲ್ಲ ಕರೆದೆ, ಹೆಸರು ಮುಗಿದ ಮೇಲೆ ಊರ ಅಂಚೆಯವನನ್ನೂ ಸಂತ ಮಾಡಿ ಕರೆದೆ. ನಡುಕ ನಿಲ್ಲಲಿಲ್ಲ.

"ಏಣಿ ಬಿಟ್ಟು ಈಚೆ ಬಾ ಮಗಳೇ" ಎಂದು ಎಡೆಲ್ಮಿರಾ ಹಿತ್ತಲ ನಡುವಿನಿಂದ ಕೂಗುತ್ತಿದ್ದಳು.

ಅಂಚಿನಿಂದ ಇಣುಕಿದೆ. ಹತ್ತು ಹೆಜ್ಜೆ ಓಡಿದರೆ ಅವಳ ಬಯಲು, ಅವಳ ಹಾಸಿಗೆ. ಇಸ್ಮಾನಿ ಓಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಹಣೆಯನ್ನು ಏಣಿಗೆ ಒತ್ತಿ, ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತಿದ್ದಳು. ಬಾಯಿ ತನ್ನ ಭಾಷೆಯಲ್ಲಿ ಏನನ್ನೋ ಒಂದೇ ಸಮನೆ ಹೇಳುತ್ತಿತ್ತು. ಒಂದು ಕಾಯಿ ನನ್ನ ಕಿವಿಯ ಪಕ್ಕದಿಂದ ಉರುಳಿ, ಅಂಚು ದಾಟಿ, ಅವಳ ಕಾಲ ಬಳಿ ಬಿದ್ದು ಒಡೆಯಿತು. ತಿರುಳು ಅವಳ ಮೊಣಕಾಲಿನವರೆಗೂ ಸಿಡಿಯಿತು. ಕೈ ಬಿಡಲಿಲ್ಲ.

ನಿಂತಿತು. ಎಷ್ಟು ಹೊತ್ತಿನ ಮೇಲೋ ಕೆಳಗಿಂದ ದನಿ ಬಂತು.

"ತಾತ, ಇದೀರಾ?"

"ಇದೀನಿ ಅನ್ಸುತ್ತೆ."

"ಸೂರು?"

ನಾನು ತಲೆಯೆತ್ತಿ ನೋಡಿದೆ. ಅಷ್ಟೂ ಕಾಯಿ, ಮೇಲೆ ನಾನು, ನನ್ನೊಳಗಿನ ಮಧ್ಯಾಹ್ನದ ಊಟ, ಎಲ್ಲವನ್ನೂ ಹೊತ್ತುಕೊಂಡು ಸೂರು ಇದ್ದಲ್ಲೇ ಇತ್ತು.

"ಇದೆ ಮಗಳೇ."

"ಸರಿಯಾಗಿ ನೋಡಿ ಹೇಳಿ."

"ಒಂದು ಮೊಳೇನೂ ಎದ್ದಿಲ್ಲ."

ಅವಳ ಬೆರಳುಗಳು ಏಣಿಯನ್ನು ಕಚ್ಚಿಬಿಟ್ಟಿದ್ದವು. ಎಡೆಲ್ಮಿರಾ ಬಂದು ಒಂದೊಂದಾಗಿ ಬಿಡಿಸಿದಳು. ನನ್ನನ್ನು ಯಾರೂ ಬಿಡಿಸಲಿಲ್ಲ. ಕಾಯಿ ಬಿಟ್ಟು ನಾನೇ ಇಳಿಯುವಷ್ಟರಲ್ಲಿ ಮೊದಲ ಹನಿ ಬಿದ್ದಿತ್ತು. ಇಸ್ಮಾನಿ ಪೊರಕೆಯೊಂದನ್ನು ಹಿಡಿದು ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕಾಲು ಒಳಗಿಟ್ಟಳು. ಇನ್ನೊಂದು ಕಾಲು. ಪೊರಕೆಯ ಹಿಡಿಯಿಂದ, ಹುಲಿಯ ಹೊಟ್ಟೆ ತಿವಿಯುವವರ ಹಾಗೆ, ಸೂರನ್ನು ಒಮ್ಮೆ ತಿವಿದಳು. ಸ್ವಲ್ಪ ಧೂಳು ಉದುರಿತು. ಮತ್ತೆ ತಿವಿದಳು, ಈ ಸಲ ಜೋರಾಗಿ. ಧೂಳೂ ಉದುರಲಿಲ್ಲ.

ವಿಲ್ನೆರ್ ತೋಟದಿಂದ ಮಳೆಯಲ್ಲಿ ಓಡಿಬಂದು ನೇರ ಹಿತ್ತಲಿಗೆ ಹೋದ. ಖಾಲಿ ಹಾಸಿಗೆಯ ಮೇಲೆ ನೀರು ನಿಲ್ಲುತ್ತಿತ್ತು. ಹೆದರಿ ಅವಳ ಹೆಸರು ಕೂಗಿದ. ಉತ್ತರ ಕೋಣೆಯಿಂದ ಬಂತು. ಒಡೆದ ಕಾಯಿಯನ್ನು ತೊಳೆದು ಅವಳು ಒಲೆಯ ಮೇಲೆ ಸೂಪಿಗೆ ಇಟ್ಟಿದ್ದಳು. ಅವರ ಮನೆಗಳಲ್ಲಿ ಅದು ಹೊಸವರ್ಷದ ದಿನದ ಅಡುಗೆಯಂತೆ. ಅವನು ಚೀಲ ಬಿಚ್ಚಿ ತಲೆದಿಂಬು ತೆಗೆದು ಮಂಚದ ಮೇಲಿಟ್ಟ.

ನಾವೂ ಅಲ್ಲೇ ಕೂತು ಕುಡಿದೆವು. ಬಾಗಿಲು ಪೂರ್ತಿ ತೆರೆದಿತ್ತು, ಇರಚಲು ಒಳಗೆ ಬರುತ್ತಿತ್ತು. ಇಸ್ಮಾನಿ ಬಾಗಿಲಿಗೆ ಹತ್ತಿರವಾಗಿ ಮಂಚದ ತುದಿಯಲ್ಲಿ ಕೂತಿದ್ದಳು. ತಗಡಿನ ಮೇಲೆ ಮಳೆ ಜೋರಾದಾಗಲೆಲ್ಲ ಅವಳ ಚಮಚ ಗಾಳಿಯಲ್ಲೇ ನಿಲ್ಲುತ್ತಿತ್ತು.

"ಹೆದರಿಕೆ ಹೋಯ್ತಾ?" ಅಂದೆ.

"ಇಲ್ಲ ತಾತ. ಅದೂ ಒಳಗೇ ಬಂದಿದೆ. ಹೊರಗೆ ಮಳೆ ಅಲ್ವಾ."

ಎಡೆಲ್ಮಿರಾ ನಕ್ಕಳು. ಇಸ್ಮಾನಿ ನಗಲಿಲ್ಲ, ಅವಳು ನಿಜವನ್ನೇ ಹೇಳಿದ್ದಳು. ಚಮಚ ಕೆಳಗಿಟ್ಟು, "ನಿಮ್ಮ ಚಿಕ್ಕಪ್ಪನ ಕಥೆ ಇನ್ನೊಂದ್ಸಲ ಹೇಳಿ" ಅಂದಳು.

ನಾನು ಕತ್ತಿಯಿಂದ ಶುರು ಮಾಡಿದೆ. ಅವಳು ಕೈ ಅಡ್ಡ ಹಿಡಿದಳು.

"ಮೊದಲು ಸೂರು ಹೇಳಿ."

ಹಾಗಾಗಿ ಆ ಕ್ಷೌರದ ಅಂಗಡಿಗೆ ಅಂದು ನಾನೊಂದು ಸೂರು ಹೊದಿಸಿದೆ. ಒಳ್ಳೆಯ ತಗಡು, ಗಟ್ಟಿ ತೊಲೆ, ಮೇಲೆ ಸಾಲಾಗಿ ಕುಂಬಳಕಾಯಿ. ಇಸ್ಮಾನಿ ಕೇಳುತ್ತಾ ಕೇಳುತ್ತಾ ಕಾಲು ಚಾಚಿ ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡಳು.