ತಾತನ ಕೊನೆಯ ಅಪ್ಪಣೆ

ಬೆಳಗಿನ ಪತ್ರಿಕೆ ಬಿಡಿಸಿದೆ. ಯಾರೋ ಹಾಲಿ ಅಧ್ಯಕ್ಷರಿಗೆ ಸ್ವಂತ ಪಕ್ಷದವರೇ ಅಡ್ಡ ನಿಂತಿದ್ದಾರಂತೆ. ಫೋಟೋದಲ್ಲಿ ಅವರ ಮೀಸೆ ನೋಡಿ ನಗು ಬಂತು. ಕಿರುಗಾವಲಿನ ನಮ್ಮ ತಾತ ಚಿಕ್ಕೇಗೌಡರದೂ ಅಂಥದ್ದೇ ಮೀಸೆ.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಮಾತು. ತಾತ ಪಂಚಾಯ್ತಿ ಪ್ರೆಸಿಡೆಂಟರು. ಕರೆಂಟು ತಯಾರಾಗುವ ಬ್ಲಫ್ಪಿಗೆ ಅಲೆದಲೆದು ನಮ್ಮ ಬೀದಿಗೊಂದು ಕರೆಂಟು ದೀಪ ತಂದಿದ್ದರು. ತಂದವರು ಕಂಬವನ್ನು ನಮ್ಮ ಬಾಗಿಲಿಗೇ ನೆಡಿಸಿಕೊಂಡರು. ಸಂಜೆಯಾದರೆ ಊರೇ ನಮ್ಮ ಜಗಲಿಯ ಮೇಲೆ. ತಾತನಿಗೆ ಅದೊಂದು ದರ್ಬಾರು. ಅಜ್ಜಿ ಸಾಕಮ್ಮ ಮಾತ್ರ ಗೊಣಗುತ್ತಿದ್ದರು: "ಇಲ್ಲಿ ಕುಂತು ಅರಟೆ ಕೊಚ್ಚಕ್ಕೆ ಬೆಳಕು. ಬಾವಿ ತಾವ ಕಾಲು ಮುರ್ಕಳಾರ್ಗೆ ಕತ್ಲು!"

ಆ ಸಲ ಪಂಚಾಯ್ತಿ ಚುನಾವಣೆಗೆ ನಮ್ಮ ಬೀದಿಯಿಂದ ಯಾರು ನಿಲ್ಲಬೇಕೆಂದು ಮೊದಲು ನಮ್ಮ ಬೀದಿಯವರೇ ಆರಿಸಿಕೊಳ್ಳಬೇಕಿತ್ತು. ತಾತನ ಎದುರಿಗೆ ಇಬ್ಬರು: ಸೈಕಲ್ ಷಾಪಿನ ರಹೀಂ ಸಾಬರು, ಮತ್ತೆ ಅಜ್ಜಿಯ ಸ್ವಂತ ತಮ್ಮ ಬೋರೇಗೌಡ!

"ಭಾವ ದೀಪ ತಂದ್ರು, ಇಲ್ಲ ಅನ್ನಾಕಿಲ್ಲ. ನನ್ನ ಗೆಲ್ಸಿ, ಕಂಬ ಕಿತ್ತು ಬಾವಿ ತಾವ್ಕೆ ಆಕುಸ್ತೀನಿ," ಎಂದು ಬೋರೇಗೌಡ ಸಾರಿದ. ಸಾರಿದ್ದೂ ನಮ್ಮ ಜಗಲಿಯ ಮೇಲೆ, ಅದೇ ದೀಪದ ಕೆಳಗೆ, ಅಜ್ಜಿ ಕೊಟ್ಟ ಕಾಫಿ ಕುಡಿಯುತ್ತ.

ಆರಿಸುವ ದಿನ ಹುಣಸೆಮರದ ಕೆಳಗೆ ಮೂವರೂ ನಿಂತರು. ಬೇಕಾದವರ ಹಿಂದೆ ಜನ ಹೋಗಿ ನಿಲ್ಲಬೇಕು. ಆಗ ನಾನು ಚಿಕ್ಕ ಹುಡುಗಿ. ಮಿಠಾಯಿ ಕೊಟ್ಟಿದ್ದರಲ್ಲ ಎಂದು ಸಾಬರ ಹಿಂದೆ ಓಡಿದೆ. ಯಾರೋ ಜಡೆ ಹಿಡಿದು ಎಳೆದು ಹಾಕಿದರು. ತಾತನ ಹಿಂದೆಯೇ ಗುಂಪು ದೊಡ್ಡದು. ಅವರು ಆಗಲೇ ಮೀಸೆ ತಿರುವುತ್ತಿದ್ದರು.

ಅಷ್ಟರಲ್ಲಿ ಅಜ್ಜಿ ಬಂದರು. ಹಿಂದೆ ಬೀದಿಯ ಹೆಂಗಸರೆಲ್ಲ, ಸೊಂಟದ ಮೇಲೆ ಕೊಡ. ನೇರ ನಡೆದು ಬೋರೇಗೌಡನ ಹಿಂದೆ ನಿಂತರು. ಅವನೇ ಬೆಚ್ಚಿಬಿದ್ದ.

ಎಣಿಸಲು ನಿಂತಿದ್ದ ಶಾನುಭೋಗರ ಮಗ ರೇಗಿದ: "ಹೆಂಗಸರಿಗೆ ಇಲ್ಲೇನಮ್ಮ ಕೆಲಸ? ಮನೆಗೆ ನಡೀರಿ."

"ಕತ್ಲಲ್ಲಿ ನೀರು ಸೇದಾರು ನಾವು. ನೀನೇನ್ ಸೇದೀಯಾ?" ಎಂದರು ಅಜ್ಜಿ.

ಎಲ್ಲರೂ ತಾತನ ಮುಖ ನೋಡಿದರು. ಅವರು ಹೂಂ ಎಂದಿದ್ದರೆ ಹೆಂಗಸರು ಹಿಂದಿರುಗಬೇಕಿತ್ತು, ತಾತ ಗೆಲ್ಲಬೇಕಿತ್ತು. ತಾತ ಅಜ್ಜಿಯನ್ನೊಮ್ಮೆ ನೋಡಿ ಶಾನುಭೋಗರ ಮಗನತ್ತ ತಿರುಗಿದರು.

"ಇವತ್ತಿನ ಗಂಟ ನಾನೇ ಪ್ರೆಸಿಡೆಂಟು. ನನ್ನಪ್ಪಣೆ. ಎಂಗಸ್ರನ್ನೂ ಎಣ್ಸು."

ಎಣಿಸಿದರು. ತಾತ ಸೋತರು. ಬೋರೇಗೌಡ ಕಾಲಿಗೆ ಬೀಳಲು ಬಂದರೆ, "ಎದ್ದೇಳ್ಲಾ, ಮೊದ್ಲು ಕಂಬ ಕೀಳ್ಸು ಓಗು," ಎಂದರು.

ಮುಂದೆ ಬೋರೇಗೌಡ ಚುನಾವಣೆಯಲ್ಲೂ ಗೆದ್ದು ಪ್ರೆಸಿಡೆಂಟನಾದ, ಕಂಬ ಬಾವಿಯ ಬಳಿಗೆ ಹೋಯಿತು. ತಾತ ಒಂದು ಸಂಜೆ ಕತ್ತಲ ಜಗಲಿಯಲ್ಲಿ ಒಬ್ಬರೇ ಕೂತರು. ಮರುದಿನ ಬಾವಿಯ ಕಟ್ಟೆಗೇ ಹೋಗಿ, "ಬೋರನ ಕಾಲ್ದಲ್ಲಿ ದೀಪ ಮಂಕಾಗೋಯ್ತು ಕಣ್ರಲಾ," ಎಂದು ಶುರುಮಾಡಿದರು. ನೀರು ಸೇದುತ್ತಿದ್ದ ಅಜ್ಜಿ ಹಗ್ಗ ಬಿಟ್ಟು ನಕ್ಕರಂತೆ.

ಇಷ್ಟು ವರ್ಷ ಇದನ್ನು ತಾತ ಸೋತ ಕಥೆಯೆಂದೇ ಹೇಳಿ ನಗಿಸಿದ್ದೇನೆ. ನಿಮಗೆ ಹೇಳುತ್ತಿರುವಾಗ ಈಗ ನೆನಪಾಗುತ್ತಿದೆ: ಆ ಅಪ್ಪಣೆ ಕೊಡುವಾಗ ಅವರ ದನಿ ನಡುಗಿರಲಿಲ್ಲ.