ನೆಗೆಣ್ಣಿಯ ಜೀಪು

ಅಕ್ಷತಾ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನ ಚನ್ನಬಸವರಾಜನ ಹೆಂಡತಿ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಇರುವವಳು, ಪಿಯುಸಿಯಲ್ಲಿ ಎರಡು ಸಲ ಇಂಗ್ಲಿಷಿಗೆ ಡುಮ್ಕಿ ಹೊಡೆದವಳು. ನಾನು ಅರುಣಾ, ಬಳ್ಳಾರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇಷ್ಟು ಕೇಳಿದ ಯಾರಿಗಾದರೂ, ಇವಳೇಕೆ ಅವಳ ಮೇಲೆ ಹೊಟ್ಟೆಕಿಚ್ಚು ಪಡಬೇಕು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತಿತ್ತು. ಆದರೂ ಪಟ್ಟೆ, ಇನ್ನೂ ಪಡುತ್ತಿದ್ದೇನೆ. ಅದನ್ನು ಬಚ್ಚಿಟ್ಟುಕೊಂಡು ಅವಳ ಬಗ್ಗೆ ಬರೆಯುವುದು ನನ್ನಿಂದ ಆಗದ ಕೆಲಸ.

ಅವಳು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ತಂದೆ ವೀರಭದ್ರಪ್ಪನವರಿಗೆ ವೆಲ್ಡಿಂಗ್ ಅಂಗಡಿ, ಅದರ ಹಿಂದೆಯೇ ಮನೆ. ಹೆಣ್ಣು ನೋಡಲು ಹೋದ ದಿನ ಅವಳ ಮುಂಗೈ ಮೇಲೆ ಕಿಡಿ ಹಾರಿ ಸುಟ್ಟ ಸಣ್ಣ ಸಣ್ಣ ಕಲೆಗಳಿದ್ದವು. ಅದನ್ನು ಮೊದಲು ನೋಡಿದ್ದು ನಾನೇ, ಗಂಡನ ಕಿವಿಗೆ ಹಾಕಿದ್ದೂ ನಾನೇ. ನಮ್ಮತ್ತೆ ಎರ್ರಮ್ಮ, "ಏನೇನು ಕೆಲಸ ಬರತೈತಿ ತಂಗಿ?" ಅಂತ ಕೇಳಿದರು. "ಟ್ರ್ಯಾಕ್ಟರ್ ಟ್ರಾಲಿಗೆ ಡೋರು ಕೂಡಸ್ತೀನ್ರಿ" ಅಂದಳು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನನ್ನು ನೋಡಲು ಬಂದಾಗ ನಾನು ರಾಗವಾಗಿ ಎರಡು ವಚನ ಹೇಳಿದ್ದೆ. ಆಗ ಈ ಹೆಂಗಸು ಬರೀ ತಲೆ ಆಡಿಸಿತ್ತು. ನನ್ನ ಉರಿ ಶುರುವಾದದ್ದು ಅಲ್ಲಿಂದ.

ಮಾವ ಗಾದಿಲಿಂಗಪ್ಪನವರು ತೀರಿಕೊಂಡ ಮೇಲೆ ಅತ್ತೆ ಬಳ್ಳಾರಿಗೆ, ನಮ್ಮ ಮನೆಗೆ ಬಂದರು. ಏಳು ವರ್ಷ ನನ್ನ ಹತ್ತಿರ ಇದ್ದರು. ಸಕ್ಕರೆ ಕಾಯಿಲೆ, ಬಿಪಿ. ಬೆಳಗಿನ ಮಾತ್ರೆ ಬೇರೆ, ರಾತ್ರಿಯದು ಬೇರೆ. ಉಪ್ಪು ಕಮ್ಮಿ ಹಾಕಿದ ಸಾರು ಬೇರೆ. ನಮ್ಮ ಓಣಿಯಲ್ಲಿ ಸೊಸೆ ಅಂದರೆ ಅರುಣಾ ಟೀಚರ್ ಅನ್ನುವ ಮಾತಿತ್ತು. ಆ ಮಾತು ನನಗೆ ಎಷ್ಟು ಇಷ್ಟವಾಗಿತ್ತು ಅಂತ ಅದು ನಿಂತ ಮೇಲೆ ಗೊತ್ತಾಯಿತು.

ಮಾವನವರ ಜೀಪು ಹಚ್ಚೊಳ್ಳಿಯ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತೇ ಇತ್ತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಹಳೇ ಕಾಲದ ಗಾಡಿ. ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಎರಡು ವರ್ಷದ ಹಿಂದೆ ದನದ ಕೊಟ್ಟಿಗೆ ಕಟ್ಟುವ ಮಾತು ಬಂದಾಗ ಎಲ್ಲರೂ ಕೂತಿದ್ದೆವು. "ತೂಕಕ್ಕ ಹಾಕಿ ಬಿಡ್ರಿ" ಅಂದವಳು ನಾನು. "ನನಗ ಕೊಡ್ರಿ" ಅಂದವಳು ಅವಳು. ಚನ್ನಬಸವರಾಜ ಭತ್ತ ಕೊಯ್ಯುವ ಯಂತ್ರ ತೆಗೆದುಕೊಂಡು ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುವವನು. ಹೊಲ ಗದ್ದೆ ಎಲ್ಲ ಅವಳ ತಲೆ ಮೇಲೇ ಇತ್ತು. ಮಳೆ ಬಿದ್ದರೆ ಕಾಲುವೆ ದಂಡೆಯ ಕಪ್ಪು ಮಣ್ಣಿನಲ್ಲಿ ಸ್ಕೂಟಿ ಹೋಗುತ್ತಿರಲಿಲ್ಲ. ಅವಳಿಗೆ ಗಾಡಿ ಬೇಕಿತ್ತು, ನಿಜ. ಆದರೆ ಅವಳು ಬೇಕಾದಷ್ಟಕ್ಕೆ ನಿಲ್ಲಲಿಲ್ಲ.

ಮೊದಲು ಸಿರುಗುಪ್ಪದಲ್ಲಿ ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸಿದಳು. ಆಮೇಲೆ ಬಳ್ಳಾರಿಗೆ ತಂದು ಪಾಟಾ ಮೇಸ್ತ್ರಿಯ ಹತ್ತಿರ ಬಿಟ್ಟಳು. ಪಾಟಾ ಅಂದರೆ ಗಾಡಿಯ ಭಾರ ಹೊರುವ, ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪಟ್ಟಿಗಳು. ಹಳೆಯವನ್ನು ಎಸೆದು ಹೊಸ ಪಾಟಾ ಹಾಕಿಸಿ, ಹಿಂದೆ ಮುಂದೆ ಹೆಚ್ಚಿನ ಪಟ್ಟಿ ಸೇರಿಸಿ, ಗಾಡಿಯನ್ನು ಮೂರು ಇಂಚು ಎತ್ತರಿಸಿದಳು. ಕುಲುಕಾಟ ತಡೆಯುವ ಹೊಸ ಶಾಕಬ್ಸರ್ ಬಂತು. ಕೆಸರನ್ನು ಕಚ್ಚಿ ಹಿಡಿಯುವ ಹಲ್ಲಿನ ದೊಡ್ಡ ಟೈರು ಬಂತು. ಕಡೆಗೆ ತವರಿಗೆ ಹೋಗಿ, ಅಪ್ಪನ ಅಂಗಡಿಯಲ್ಲಿ ತಾನೇ ಕೂತು ದಪ್ಪ ಪೈಪಿನ ಬಂಪರು ಬೆಸೆದಳು. ಮುಂದೆ ಒಂದು, ಹಿಂದೆ ಒಂದು. ಹಗ್ಗ ಕಟ್ಟಿ ಎಳೆಯಲು ಕೊಂಡಿಗಳು, ವಯಸ್ಸಾದವರು ಹತ್ತಲು ಮಡಚುವ ಮೆಟ್ಟಿಲು.

ನನ್ನ ಗಂಡ ಶಶಿಕಾಂತ್ ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು. ಮನೆಯಲ್ಲಿ ಬಲ್ಬು ಹೋದರೆ ಎಲೆಕ್ಟ್ರೀಷಿಯನ್ನಿಗೆ ಫೋನು ಮಾಡುವ ಮನುಷ್ಯ. ಅಂಥವರು ಭಾನುವಾರ ಬಂದರೆ ಸಾಕು ಜೀಪು ನೋಡಲು ಹಚ್ಚೊಳ್ಳಿಗೆ ಹೊರಡುತ್ತಿದ್ದರು. ಸಂಜೆ ಅಂಗಿಗೆ ಗ್ರೀಸು ಮೆತ್ತಿಕೊಂಡು ನಗುತ್ತಾ ಬರುತ್ತಿದ್ದರು. ಊಟಕ್ಕೆ ಕೂತರೂ ಟೈರಿನ ಫೋಟೋ. "ನೋಡು, ಈ ಹಲ್ಲು ಎಷ್ಟು ಆಳ ಐತಿ" ಅನ್ನುತ್ತಿದ್ದರು. ನನ್ನ ಹೊಸ ಬಿಳಿ ಕಾರು, ತನ್ನಷ್ಟಕ್ಕೆ ಗೇರು ಬದಲಿಸಿಕೊಳ್ಳುವ ಕಾರು, ಗೇಟಿನೊಳಗೆ ಸುಮ್ಮನೆ ನಿಂತಿತ್ತು. ಅದರ ಟೈರಿನ ಹಲ್ಲನ್ನು ಒಬ್ಬರೂ ನೋಡಲಿಲ್ಲ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಹಿಂದಿ ಟೀಚರು ಮೊಬೈಲ್ ಹಿಡಿದು ಬಂದರು. ಕಾಲುವೆ ದಂಡೆಯಲ್ಲಿ ಹೂತುಹೋದ ಶಾಲಾ ವ್ಯಾನನ್ನು ಒಂದು ಜೀಪು ಎಳೆಯುತ್ತಿತ್ತು. ಡ್ರೈವರ್ ಸೀಟಿನಲ್ಲಿ ಸೆರಗು ಬಿಗಿದುಕೊಂಡ ನನ್ನ ನೆಗೆಣ್ಣಿ. ಮಕ್ಕಳು ಓ ಅಂತ ಕೂಗುತ್ತಿದ್ದರು. "ಇದು ನಿಮ್ಮೂರಿನ ಕಡೆದಲ್ಲಾ ಮೇಡಂ? ಯಾರ್ರಿ ಈಕಿ?" ಅಂದರು. "ಗೊತ್ತಿಲ್ರಿ" ಅಂದೆ. ಅದೆಷ್ಟು ಸಲೀಸಾಗಿ ಬಂತು ಆ ಮಾತು! ಆಮೇಲೆ ಹಾಜರಿ ಪುಸ್ತಕ ತೆಗೆದುಕೊಂಡು ಕ್ಲಾಸಿಗೆ ಹೋದೆ.

ಹೋದ ವರ್ಷ ಸೀಗಿ ಹುಣ್ಣಿಮೆಗೆ ಅತ್ತೆ ಎರಡು ದಿನದ ಮಟ್ಟಿಗೆ ಹಚ್ಚೊಳ್ಳಿಗೆ ಹೋದರು. ಜೀಪಿನ ಮುಂದಿನ ಸೀಟಿನಲ್ಲಿ ಕೂತು ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಬಂದರಂತೆ. ಮರುದಿನ ಕೆಂಚನಗುಡ್ಡಕ್ಕೆ ಹೋಗಿ ಹೊಳೆ ನೋಡಿದರಂತೆ. ಅದರ ಮರುದಿನ ಯಾರದೋ ಹೊಸ ಮನೆ ನೋಡಲು. ಎರಡು ದಿನ ಎರಡು ವಾರವಾಯಿತು, ಎರಡು ತಿಂಗಳಾಯಿತು. ಏಳು ವರ್ಷ ನಮ್ಮ ಮನೆಯ ಹಾಲಿನಿಂದ ಅಡುಗೆಮನೆಗೆ ನಡೆಯಲು ಮಂಡಿ ನೋವು ಅನ್ನುತ್ತಿದ್ದ ಹೆಂಗಸು! ಓಣಿಯವರು, "ಅತ್ತಿ ಯಾವಾಗ ಬರ್ತಾರ್ರಿ?" ಅಂತ ಕೇಳತೊಡಗಿದರು. ನಾನು ತಿಂಗಳ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಗಂಡನ ಕೈಯಲ್ಲಿ ಕಳಿಸುತ್ತಿದ್ದೆ. ಬೇಕಾದರೆ ತಾವಾಗೇ ಬರಲಿ, ನಾನೇಕೆ ಬೇಡಿಕೊಳ್ಳಲಿ ಅನ್ನುವ ಹಟ ನನ್ನದು.

ಸಂಕ್ರಾಂತಿ ಕಳೆದ ವಾರ ಹಟಕ್ಕಿಂತ ಹೊಟ್ಟೆಯುರಿ ದೊಡ್ಡದಾಯಿತು. ಅಕ್ಷತಾಗೆ ಫೋನು ಮಾಡಿ ಸುಳ್ಳು ಹೇಳಿದೆ.

"ಅತ್ತಿಯವರ ಸೊಂಟದ ಎಲುಬು ಸವದೈತಂತ ಡಾಕ್ಟ್ರು ಮದ್ಲ ಹೇಳಿದ್ರು. ಆ ಜೀಪಿನ್ಯಾಗ ಕುಲುಕಾಡಿದ್ರ ಎದ್ದು ಕುಂದ್ರಾಕ ಆಗೂದಿಲ್ಲ ನೋಡು" ಅಂದೆ.

"ಹೌದನ್ರಿ ಅಕ್ಕಾ? ನನಗ ಗೊತ್ತಾಗಲಿಲ್ಲ ನೋಡ್ರಿ. ನಾ ಎಂಥಾಕಿ! ಛಲೋ ಆತು ಹೇಳಿದ್ರಿ" ಅಂದಳು. ಅವಳ ದನಿ ನಡುಗುತ್ತಿತ್ತು. ನನಗೆ ಒಳಗೊಳಗೇ ಹಿತವಾಯಿತು. ಇನ್ನು ಅತ್ತೆಯನ್ನು ಕರೆದುಕೊಂಡು ಹೋಗಿ ಅನ್ನುತ್ತಾಳೆ ಅಂತ ಶನಿವಾರವೇ ಕಾರು ತೊಳೆಸಿಟ್ಟೆ.

ಯಾರೂ ಕರೆಯಲಿಲ್ಲ. ಮೂರು ವಾರದ ಮೇಲೆ ಗಂಡ ಸುದ್ದಿ ತಂದರು. ಅವಳು ಜೀಪನ್ನು ಮತ್ತೆ ಪಾಟಾ ಮೇಸ್ತ್ರಿಯ ಹತ್ತಿರ ಒಯ್ದು, ಹಿಂದಿನಿಂದ ಮೂರು ಪಟ್ಟಿ, ಮುಂದಿನಿಂದ ಎರಡು ಪಟ್ಟಿ ತೆಗೆಸಿದ್ದಳು. ಗಾಡಿ ಮೆತ್ತಗಾಗಬೇಕು, ಅತ್ತೆಯ ಸೊಂಟಕ್ಕೆ ಪೆಟ್ಟು ತಾಗಬಾರದು ಅಂತ. ಪಟ್ಟಿ ಕಡಿಮೆಯಾದಾಗ ಬಂಪರಿನ ಭಾರಕ್ಕೆ ಮೂತಿ ಕೆಳಗೆ ಕುಸಿಯಿತಂತೆ. ಹಾಗಾಗಿ ಮುಂದಿನ ಬಂಪರನ್ನೂ ಬಿಚ್ಚಿಟ್ಟಳು. ಅತ್ತೆಯನ್ನು ಕೂರಿಸುವ ಮೊದಲು ಸೀಟಿನ ಮೇಲೆ ಮಜ್ಜಿಗೆಯ ತಂಬಿಗೆ ಇಟ್ಟು ಕಾಲುವೆ ದಂಡೆ ಮೇಲೆ ಓಡಿಸಿ ನೋಡಿದಳಂತೆ.

"ಒಂದು ಹನಿ ಚೆಲ್ಲಿಲ್ಲ ಅಂತ" ಅಂದರು ಗಂಡ. "ನೀ ಹೇಳಿದ್ದು ಛಲೋ ಆತು ಅರುಣಾ. ಎಲ್ಲಾರೂ ನಿನ್ನ ಹೊಗಳಾಕತ್ತಾರ."

ಯುಗಾದಿ ರಜೆಗೆ ನಾನೇ ಹಚ್ಚೊಳ್ಳಿಗೆ ಹೋದೆ. ಬಂಪರು ಕೊಟ್ಟಿಗೆಯ ಗೋಡೆಗೆ ಒರಗಿತ್ತು, ಅದರ ಕೊಂಡಿಗೆ ಕರು ಕಟ್ಟಿದ್ದರು. ಅಕ್ಷತಾ ಮುಂದಿನ ಸೀಟು ಒರೆಸಿ, "ಕುಂದರ್ರಿ ಅಕ್ಕಾ, ಹೊಲದ ಕಡೆ ಹೋಗಿ ಬರೂಣು" ಅಂದಳು. ಅತ್ತೆ ಹಿಂದೆ ಕೂತರು. ಜೀಪು ಎಷ್ಟು ಮೆತ್ತಗೆ ಹೋಗುತ್ತಿತ್ತು ಅಂದರೆ ನನ್ನ ಕಾರು ಕೂಡ ಹಾಗೆ ಹೋಗುವುದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಗದ್ದೆಯಲ್ಲಿ ಎರಡನೇ ಬೆಳೆ ನಿಂತಿತ್ತು. ಒಂದು ಕಡೆ ಪೈರು ಹಸಿರು, ಇನ್ನೊಂದು ಕಡೆ ಹಳದಿ ತಿರುಗಿತ್ತು. ಯಾಕೆ ಅಂತ ಕೇಳಿದೆ. ಅವಳು ಸ್ಟೇರಿಂಗಿನ ಮೇಲೆ ಕೈಯಿಟ್ಟು ಹೇಳಿದಳು, "ಗೊಬ್ಬರ ಹಾಕಾಕ ತಡ ಆತ್ರಿ. ಪಾಟಾ ತಗದ ಮ್ಯಾಲೆ ಜೀಪು ಚೀಲ ಹೊರೂದಿಲ್ಲ. ಮಂದಿ ಟ್ರ್ಯಾಕ್ಟರ್ ಪಾಳಿ ಕಾಯಬೇಕು. ಇರಲಿ ಬಿಡ್ರಿ, ಮುಂದಿನ ಸಲ ನೋಡಿದ್ರಾತು. ಅಕ್ಕಾ, ಹಿಂದಿಂದು ಇನ್ನೊಂದು ಪಟ್ಟಿ ತಗಸಿದ್ರ ಇನ್ನೂ ಮೆತ್ತಗ ಆಗತೈತಂತ ಮೇಸ್ತ್ರಿ ಅಂದಾನ. ಡಾಕ್ಟ್ರನ್ನ ಒಂದು ಮಾತು ಕೇಳ್ತೀರೇನು?"

ನಾನು ಉತ್ತರ ಹೇಳುವಷ್ಟರಲ್ಲಿ ಅವಳು ಇಳಿದು, ನೀರು ತಿರುಗಿಸಲು ಬದುವಿನ ಮೇಲೆ ನಡೆದಳು. ಜೀಪಿನಲ್ಲಿ ನಾವಿಬ್ಬರೇ ಉಳಿದೆವು.

"ಅರುಣಾ," ಅಂದರು ಅತ್ತೆ ಹಿಂದಿನಿಂದ, "ನಿನ್ನ ಡಾಕ್ಟ್ರಿಗೆ ನಾ ಯಾವತ್ತು ಸೊಂಟ ತೋರಿಸೀನಿ?"

ನಾನು ಬದುವಿನ ಮೇಲೆ ಹೋಗುತ್ತಿದ್ದ ಅಕ್ಷತಾಳ ಕಡೆ ನೋಡಿದೆ.

"ಆಕಿಗೆ ನಾ ಹೇಳಿಲ್ಲ. ನಮ್ಮಕ್ಕ ಬಳ್ಳಾರ್ಯಾಗ ಕುಂತು ಅತ್ತಿ ಚಿಂತಿ ಮಾಡ್ತಾಳ ಅಂತ ಊರೆಲ್ಲ ಹೇಳಿಕೊಂತ ಅಡ್ಡಾಡ್ಯಾಳ. ಹೆಂಗ ಹೇಳಲಿ? ಐದು ತಿಂಗಳಾತು. ಗುಳಗಿ ಕಳಿಸಿದಿ, ಡಾಕ್ಟ್ರ ಮಾತು ಕಳಿಸಿದಿ. ಅತ್ತಿ, ಬರ್ರಿ ಅಂತ ಒಮ್ಮೆರ ಬಾಯಿ ಬಿಟ್ಟು ಕರದಿಯೇನು?"

ಕರೆದಿರಲಿಲ್ಲ. ಏಳು ವರ್ಷದಲ್ಲಿ ಅವರಿಗೆ ಬೇಕಾದದ್ದೆಲ್ಲ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದೆ, ಇಂಥ ಒಂದು ಮಾತು ಮಾತ್ರ ಆಡಿರಲಿಲ್ಲ. "ಬರ್ರಿ ಅತ್ತಿ" ಅಂದೆ. "ನೀವು ಇಲ್ಲದ ಮನಿ ಬಣಬಣ ಅಂತೈತ್ರಿ."

"ಬರ್ತೀನಿ" ಅಂದರು ಒಂದಿಷ್ಟೂ ತಡಮಾಡದೆ. "ಇಷ್ಟು ಹೇಳಾಕ ಪಾಪ ಆ ಹುಡಿಗಿ ಗಾಡಿ ಬಿಚ್ಚಿಸಬೇಕಾಗಿತ್ತೇನು? ಮದ್ಲ ಆಕಿಗೆ ನಿಜ ಹೇಳು."

ಅಕ್ಷತಾ ಕಾಲಿನ ಕೆಸರು ಉದುರಿಸಿ ಬಂದು ಕೂತಳು. ಕೀಲಿ ತಿರುಗಿಸುವ ಮೊದಲೇ ಹೇಳಿಬಿಟ್ಟೆ. "ಅಕ್ಷತಾ, ಡಾಕ್ಟ್ರು ಏನೂ ಅಂದಿರಲಿಲ್ಲ. ನಾನ ಸುಳ್ಳು ಹೇಳಿದ್ದೆ. ಅತ್ತಿ ನಿನ್ನ ಕಡೆ ಉಳದಿದ್ದಕ್ಕ, ಈ ಜೀಪಿಗೆ, ಎಲ್ಲಾದಕ್ಕೂ ನನಗ ಹೊಟ್ಟಿಕಿಚ್ಚು."

ಅವಳು ನನ್ನನ್ನೇ ನೋಡಿದಳು. ಬಯ್ಯಲಿ ಅಂತ ಕಾದೆ. ಹಳದಿ ತಿರುಗಿದ ಪೈರು ಎದುರಿಗೇ ಇತ್ತು. ಬಂಪರು ಬಿಚ್ಚಿದ ಜಾಗದಲ್ಲಿ ಬೋಲ್ಟಿನ ಖಾಲಿ ತೂತುಗಳಿದ್ದವು. ಬಯ್ದರೆ ನಾವಿಬ್ಬರೂ ಸಮ ಆಗುತ್ತಿದ್ದೆವು, ಅಷ್ಟು ನನಗೆ ಬೇಕಿತ್ತು.

ಅವಳು ಹಿಂದೆ ತಿರುಗಿ ಅತ್ತೆಯ ಮೊಣಕಾಲು ಹಿಡಿದಳು. "ಹಂಗಾರ ನಿಮ್ಮ ಸೊಂಟಕ್ಕ ಏನೂ ಆಗಿಲ್ಲನ್ರಿ ಅತ್ತಿ?" ಅಂದಳು. "ಸದ್ಯ! ಎರಡು ತಿಂಗಳಿಂದ ನನಗ ನಿದ್ದಿ ಇಲ್ಲ, ನಿಮ್ಮನ್ನ ನಾನ ಕೆಡಿಸಿದೆ ಅಂತ." ಹಾಗೆ ಹೇಳುತ್ತಾ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನನ್ನ ಮೇಲೆ ಸಿಟ್ಟು ಅವಳಿಗೆ ಆಮೇಲೆ ಬಂತು. ದಾರಿಯುದ್ದಕ್ಕೂ ಮಾತಾಡಲಿಲ್ಲ, ಒಂದು ತಿಂಗಳು ನನ್ನ ಫೋನು ಎತ್ತಲಿಲ್ಲ. ಅದು ನ್ಯಾಯವೇ. ಅತ್ತೆ ನನ್ನ ಮನೆಗೆ ಬರಲು ಒಪ್ಪಿದ್ದರು. ಬೇಕಾದದ್ದು ಸಿಕ್ಕಿತ್ತು. ಆದರೆ ಆ ಸುಳ್ಳು ಯಾರಾದರೂ ನನಗೆ ಹೇಳಿದ್ದರೆ ನಾನು ಮೊದಲು ಸಿಟ್ಟಾಗುತ್ತಿದ್ದೆ, ಅತ್ತೆಯ ಸೊಂಟದ ನೆನಪು ಆಮೇಲೆ ಬರುತ್ತಿತ್ತು. ಅವಳಿಗೆ ಸೊಂಟದ ನೆನಪೇ ಮೊದಲು ಬಂತು. ಎತ್ತರಿಸಿದ ಜೀಪು, ದೊಡ್ಡ ಟೈರು, ಊರಿನ ಹೊಗಳಿಕೆ ಯಾವುದರ ಮೇಲೂ ಪಡದಷ್ಟು ಹೊಟ್ಟೆಕಿಚ್ಚನ್ನು ಆವತ್ತು ಅದರ ಮೇಲೆ ಪಟ್ಟೆ.