ಮಹಡಿ ರೂಮಿನ ಅಕ್ಕ ಬರೆದ ಮಹಜರು

ಮೊನ್ನೆ ಕಾಲೇಜಲ್ಲಿ ಬೆರಳಚ್ಚು ಪ್ರಾಕ್ಟಿಕಲ್ ಇತ್ತು. ಗಾಜಿನ ಮೇಲೆ ಕರೀ ಇಂಕು ಹಾಕಿ, ರೋಲರ್ ಆಡ್ಸಿ, ಒಂದೊಂದೇ ಬೆರಳು ಹೊರಳ್ಸಿ ಕಾಗದಕ್ಕೆ ಒತ್ತಬೇಕು. ಮುಗಿದ ಮೇಲೆ ಕೈ ಒರೆಸ್ಕೊಳೋಕೆ ಅಟೆಂಡರ್ ಒಂದು ಸೀಮೆಎಣ್ಣೆ ಬಟ್ಟೆ ಕೊಟ್ರು. ಇಂಕು ಹೋಗ್ಲಿಲ್ಲ, ವಾಸನೆ ಮಾತ್ರ ಅಂಟ್ಕೊಂಡ್ತು. ಎರಡು ದಿನ ನಾನು ಮುಟ್ಟಿದ ಇಡ್ಲಿ, ಚಟ್ನಿ, ಬಸ್ ಪಾಸು ಎಲ್ಲಾ ಪಂಪ್ ಸ್ಟವ್ ತರ ನಾರ್ತಿತ್ತು. ಸಿಟಿ ಬಸ್ಸಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜ ಜೇಬಲ್ಲಿದ್ದ ಬೆಂಕಿಪೊಟ್ಟಣ ತಡವಿ ನೋಡ್ಕೊಂಡು ಹಿಂದಿನ ಸೀಟಿಗೆ ಹೋದ್ರು. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಮ್ಮ ಮಹಡಿ ರೂಮಿನ ಅಕ್ಕ ನೆನಪಾದ್ರು...

ಆಗ ನಾನು ಏಳನೇ ಕ್ಲಾಸು. ತುಮಕೂರಿನ ಉಪ್ಪಾರಹಳ್ಳಿಲಿ ನಮ್ಮನೆ, ಮೇಲೊಂದು ಶೀಟ್ ಹಾಕಿದ ರೂಮು. ಬೇಸಿಗೇಲಿ ಅಲ್ಲಿ ಹಪ್ಪಳ ಒಣಗೋಕಿಟ್ರೆ ಕರಿದಿದ್ದೇ ಕೆಳಗೆ ಬರೋದು. ಡಿಗ್ರಿ ಓದೋಕೆ ಅಂತ ಮೊದಲೇ ಅದಕ್ಕೆ ಬಾಡಿಗೆಗೆ ಬಂದಿದ್ರು ಗುಬ್ಬಿ ಕಡೆಯ ಈ ಅಕ್ಕ. ಒಂದು ಟ್ರಂಕು, ಒಂದು ಜೊತೆ ಕ್ಯಾನ್ವಾಸ್ ಶೂ, ಅಷ್ಟೇ ಆಸ್ತಿ. ಪಿಯುಸಿ ಆದ್ಮೇಲೆ ನಾಕೈದು ವರ್ಷ ಊರಲ್ಲೇ ಅಂಗನವಾಡಿ ಕೆಲಸ ಮಾಡಿ, ಆಮೇಲೆ ಕ್ರಿಮಿನಾಲಜಿ ತಗೊಂಡು ಡಿಗ್ರಿಗೆ ಸೇರಿದ್ರಂತೆ. ಕ್ಲಾಸಲ್ಲಿ ಎಲ್ಲರಿಗಿಂತ ದೊಡ್ಡೋರು. ಡಿಗ್ರಿ ಮುಗಿದ ಮೇಲೂ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆಗೆ ಓದ್ತಾ ನಮ್ಮ ಮಹಡಿ ಮೇಲೇ ಉಳ್ಕೊಂಡಿದ್ರು. ವಯಸ್ಸಿನ ಲೆಕ್ಕದಲ್ಲಿ ಅವರಿಗೆ ಅದೇ ಕೊನೇ ಚಾನ್ಸು. ಬೆಳಿಗ್ಗೆ ಐದಕ್ಕೆ ಎದ್ದು ಗ್ರೌಂಡಿಗೆ ಓಡೋಕೆ ಹೋಗೋರು. ಅವರು ಮೆಟ್ಟಿಲು ಇಳಿಯೋ ಸದ್ದಿಗೆ ನಮ್ಮ ಬೀದಿ ನಾಯಿಗಳೇ ಎದ್ದು ವಾರ್ಮಪ್ ಮಾಡ್ತಿದ್ವು.

ಅಕ್ಕಂಗೆ ಓದಿದ್ದನ್ನೆಲ್ಲಾ ಮಾಡಿ ನೋಡೋ ಚಟ. ಲಗ್ನಪತ್ರಿಕೆ ಮಾಡೋ ಪ್ರೆಸ್ಸಿಂದ ಮಿಕ್ಕಿದ ಇಂಕು ತಂದು, ಹಳೇ ಲಗ್ನಪತ್ರಿಕೆಗಳ ಹಿಂದೆ ನಮ್ಮ ಮನೆಯವ್ರದ್ದೆಲ್ಲಾ ಬೆರಳಚ್ಚು ತಗೊಂಡು, ಸೀಮೆಎಣ್ಣೆ ಬಟ್ಟೇಲಿ ಕೈ ಒರೆಸಿದ್ರು. ನಮ್ಮಜ್ಜಿ ಹತ್ತು ಬೆರಳೂ ಕೊಟ್ಟು ಮುಗಿಸಿ, "ತಿಂಗ್ಳಿಗೆ ಎಷ್ಟು ಬತ್ತದವ್ವಾ ಪಿಂಚಣಿ?" ಅಂದ್ರು. ಬರಲ್ಲ ಅಂತ ಗೊತ್ತಾದ ಮೇಲೆ ಒಂದು ವಾರ ಅಕ್ಕನ ಹತ್ರ ಮಾತಾಡ್ಲಿಲ್ಲ.

ನಾನು ಅವರ ಖಾಯಂ ಸಾಕ್ಷಿ. ಸ್ಕೂಲಿಂದ ಬಂದ ತಕ್ಷಣ ಮೇಲೆ ಹೋಗಿ ಕೂತ್ಕೊಂಡು, ದಾರೀಲಿ ಏನೇನು ನೋಡಿದೆ ಅಂತ ಹೇಳ್ಬೇಕು, ಅವರು ಅದನ್ನ ಹೇಳಿಕೆ ಅಂತ ಬರ್ಕೊಳೋರು. ನಾನು ಬಿಡ್ತೀನಾ? ಕೋತಿ ಒಂದು ಬಾಳೆಹಣ್ಣು ಕಿತ್ಕೊಂಡಿದ್ರೆ, ದೇವರಾಯನದುರ್ಗದಿಂದ ಇಳಿದು ಬಂದ ನಲವತ್ತು ಕೋತಿ ಹಣ್ಣಿನ ಗಾಡೀನೇ ತಳ್ಕೊಂಡು ಹೋದ್ವು ಅಂತಿದ್ದೆ. ಅಕ್ಕ ಪೆನ್ನು ಕೆಳಗಿಟ್ಟು ಕೇಳೋರು, "ಕಣ್ಣಲ್ಲಿ ನೋಡಿದ್ದಾ, ಬಾಯಲ್ಲಿ ನೋಡಿದ್ದಾ?" ಆಮೇಲೆ ಒಂದೊಂದೇ ಸಾಲಿಗೆ ಗೆರೆ ಹೊಡೆಯೋರು. ಎರಡು ಪುಟದ ಹೇಳಿಕೆಲಿ ಕೊನೆಗೆ ಉಳೀತಿದ್ದು ಒಂದು ಕೋತಿ, ಒಂದು ಬಾಳೆಹಣ್ಣು. ನನಗೆ ಹೊಟ್ಟೆ ಉರಿಯೋದು. ಆದ್ರೂ ಆ ಗೆರೆಗಳ ಮಧ್ಯೆ ಉಳಿದಿದ್ದನ್ನ ಅವರು ಓದಿ ಹೇಳ್ದಾಗ ಮೈ ಜುಂ ಅನ್ನೋದು. ಅಷ್ಟು ಗಟ್ಟಿ ಮಾತು ನನ್ನ ಬಾಯಿಂದ ಬಂದಿದ್ದೇನಾ ಅಂತ...

ಅಕ್ಕ ಓಟದ ಟೆಸ್ಟಲ್ಲಿ ಪಾಸಾದ್ರು. ಬರೆಯೋ ಪರೀಕ್ಷೆಗೆ ಹತ್ತು ದಿನ ಇತ್ತು. ಆ ಶನಿವಾರ ನಮ್ಮಜ್ಜಿ ಓಲೆ ಕಾಣೆ ಆಯ್ತು. ಕೆಂಪು ಕಲ್ಲಿನ ಓಲೆ, ಒಂದೇ ಒಂದು, ಬಲಗಿವೀದು. ಅಜ್ಜಿ ಮಲಗೋ ರೂಮಿನ ಗೂಡಲ್ಲಿ ಇಟ್ಟಿದ್ದೆ ಅಂದ್ರು. ಮನೇಲಿ ಹುಡುಕಾಡಿ ಸುಸ್ತಾದ ಮೇಲೆ ಅಮ್ಮ ಕೇಳಿದ್ರು, "ಬೆಳಿಗ್ಗೆಯಿಂದ ಯಾರ್ಯಾರು ಬಂದಿದ್ರು?" ಬಂದಿದ್ದು ಒಬ್ರೇ, ಗ್ಯಾಸ್ ಅಣ್ಣ. ಸಿಲಿಂಡರ್ ಹೆಗಲ ಮೇಲೆ ಇಟ್ಕೊಂಡು ಹಾಲ್ ದಾಟಿ ಅಡುಗೆಮನೆಗೆ ಹೋಗಿ, ಖಾಲಿದು ತಗೊಂಡು ಹೋಗಿದ್ರು. ಆಗ ಹಾಲಲ್ಲಿ ಇದ್ದಿದ್ದು ನಾನೊಬ್ಳೇ.

ಅಷ್ಟೊತ್ತಿಗೆ ಅಕ್ಕಪಕ್ಕದವ್ರೆಲ್ಲಾ ಸೇರಿದ್ರು. ಹನ್ನೆರಡು ಜನ ನನ್ನ ಬಾಯನ್ನೇ ನೋಡ್ತಾ ನಿಂತಿದ್ರು. ಜೀವಮಾನದಲ್ಲಿ ಅಂಥ ಹೌಸ್‌ಫುಲ್ ನನಗೆ ಸಿಕ್ಕಿರ್ಲಿಲ್ಲ. "ಅಡುಗೆಮನೆಯಿಂದ ಬರ್ತಾ ಅಜ್ಜಿ ರೂಮ್ ಬಾಗ್ಲಲ್ಲಿ ನಿಂತ್ರು," ಅಂದೆ. ಎಲ್ಲರೂ "ಹಾಂ?" ಅಂದ್ರು. ಆ ಹಾಂ ಕೇಳಿದ್ಮೇಲೆ ನನ್ನ ಕೈಲಿ ತಡೆಯೋಕೆ ಆಗುತ್ತಾ? "ಆ ಕಡೆ ಈ ಕಡೆ ನೋಡಿದ್ರು. ಗೂಡಿಗೆ ಕೈ ಹಾಕಿದ್ರು. ಆಮೇಲೆ ಜೇಬಿಗೆ." ಕಣ್ಣು ಕೆಂಪಗಿತ್ತು ಅಂತಾನೂ ಸೇರಿಸ್ದೆ, ಉಪ್ಪಿನಕಾಯಿ ಇರ್ಲಿ ಅಂತ.

ನಮ್ಮಪ್ಪ ಅಂತರಸನಹಳ್ಳಿ ಫ್ಯಾಕ್ಟರೀಲಿ ಫೋರ್‌ಮನ್. ಮಾತು ಕಮ್ಮಿ, ಕೋಪ ಜಾಸ್ತಿ. ಹೋಗಿ ಮೂರನೇ ಕ್ರಾಸಲ್ಲಿ ಸಿಲಿಂಡರ್ ಇಳಿಸ್ತಿದ್ದ ಗ್ಯಾಸ್ ಅಣ್ಣನ್ನ ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು. ಆ ಮನುಷ್ಯ ನಮ್ಮನೆ ಬಾಗ್ಲಲ್ಲಿ ಜೇಬೆಲ್ಲಾ ಹೊರಗೆ ಎಳೆದು ತೋರಿಸ್ತಾ ನಿಂತಿದ್ರು. "ಸಾಮಿ, ಸ್ಟೇಷನ್ ಮೆಟ್ಲು ಹತ್ಸಿದ್ರೆ ಸಾಕು, ಏಜೆನ್ಸಿಯವ್ರು ಇವತ್ತೇ ಕೆಲಸದಿಂದ ತೆಗೀತಾರೆ. ಮೂರು ಮಕ್ಕಳವೆ ಸಾಮಿ." ಅಪ್ಪ ಕೇಳ್ಲಿಲ್ಲ. "ನನ್ ಮಗಳು ಕಣ್ಣಾರೆ ನೋಡವ್ಳೆ, ನಡಿ."

ಈಗ ಬಾಯಿ ಬಿಟ್ರೆ ಅಪ್ಪನ ಏಟು, ಬಿಡ್ದೆ ಇದ್ರೆ... ನಾನು ಟಿವಿ ಸ್ಟ್ಯಾಂಡ್ ಹಿಡ್ಕೊಂಡು ನಿಂತೆ.

ಆಗ ಅಕ್ಕ ಲೈಬ್ರರಿಯಿಂದ ಬಂದ್ರು. ಯಾರನ್ನೂ ಬೈಲಿಲ್ಲ, ಗ್ಯಾಸ್ ಅಣ್ಣನ ಪರ ಒಂದು ಮಾತೂ ಆಡ್ಲಿಲ್ಲ. "ಅಂಕಲ್, ಸ್ಟೇಷನ್‌ಗೆ ಹೋದ್ರೂ ಪೊಲೀಸ್ರು ಇಲ್ಲಿಗೇ ಬಂದು, ಇಬ್ಬರು ಪಂಚರನ್ನ ಸಾಕ್ಷಿಗೆ ನಿಲ್ಸಿ, ಜಾಗ ನೋಡಿ, ಕಂಡಿದ್ದನ್ನ ಮಹಜರು ಅಂತ ಬರೀತಾರೆ. ಬರೆದಿಟ್ಕೊಂಡೇ ಹೋಗಿ. ಹತ್ತು ನಿಮಿಷ," ಅಂದ್ರು.

"ನೀನಿನ್ನೂ ಪೊಲೀಸ್ ಆಗಿಲ್ಲ ಕಣಮ್ಮ," ಅಂದ್ರು ಅಪ್ಪ.

"ಇಲ್ಲ ಅಂಕಲ್, ಆಗಿಲ್ಲ. ನಿಮ್ಮ ಟೇಪ್ ಕೊಡ್ತೀರಾ?"

ಅದು ಹೇಗೆ ಕೇಳಿದ್ರೋ, ಅಪ್ಪ ಫ್ಯಾಕ್ಟರಿ ಬ್ಯಾಗಿಂದ ಸ್ಟೀಲ್ ಟೇಪ್ ತೆಗೆದು ಕೊಟ್ಟೇಬಿಟ್ರು. ಎದುರುಮನೆ ಟೈಲರನ್ನೂ ದಿನಸಿ ಅಂಗಡಿ ಅಂಕಲನ್ನೂ ಪಂಚರು ಅಂತ ನಿಲ್ಸಿದ್ರು. ಅಡುಗೆಮನೆ ಬಾಗಿಲು, ಅಜ್ಜಿ ರೂಮಿನ ಬಾಗಿಲು, ನಡುವಿನ ಗೋಡೆ, ಎಲ್ಲಾ ಅಳೆದು ಬರ್ಕೊಂಡ್ರು. ಹನ್ನೆರಡು ಜನ ಇದ್ದ ಮನೇಲಿ ಪೆನ್ನಿನ ಸದ್ದು ಕೇಳಿಸ್ತಿತ್ತು. ಇದು ನಾನು ಕಟ್ಟಿ ಹೇಳ್ತಿರೋದಲ್ಲ.

ಆಮೇಲೆ ನನ್ನ ಕರೆದ್ರು. "ಬೆಳಿಗ್ಗೆ ಎಲ್ಲಿ ಕೂತಿದ್ದೆ? ಹಂಗೇ ಕೂತ್ಕೋ." ಬೀರುಗೆ ಬೆನ್ನು ಕೊಟ್ಟು, ಟಿವಿ ಮುಂದೆ ನೆಲದ ಮೇಲೆ ಕೂತೆ. ಅಕ್ಕ ಪಂಚರ ಜೊತೆ ಅಜ್ಜಿ ರೂಮಿನ ಬಾಗಿಲಿಗೆ ಹೋಗಿ ನಿಂತ್ರು. ಗೋಡೆ ಆಚೆಯಿಂದ ಧ್ವನಿ ಬಂತು.

"ನಾನು ಎಷ್ಟು ಬೆರಳು ಎತ್ತಿದೀನಿ ಹೇಳೇ."

ನನಗೆ ಕಾಣ್ತಿದ್ದಿದ್ದು ಗೋಡೆ. ಗೋಡೆ ಮೇಲೊಂದು ಕ್ಯಾಲೆಂಡರು. ಮೂರು ಅಂದುಬಿಡ್ಬೋದಿತ್ತು. ಸರಿ ಹೋದ್ರೂ ಹೋಗ್ತಿತ್ತು, ನನ್ನ ಅದೃಷ್ಟ ಆಗೆಲ್ಲಾ ಚೆನ್ನಾಗೇ ಇತ್ತು. ಬಾಗ್ಲಲ್ಲಿ ಗ್ಯಾಸ್ ಅಣ್ಣ ಹೊರಗೆ ಬಂದ ಜೇಬುಗಳ ಜೊತೆ ಹಂಗೇ ನಿಂತಿದ್ರು. ನನ್ನ ನೋಡ್ತಿರ್ಲಿಲ್ಲ, ನೆಲ ನೋಡ್ತಿದ್ರು.

"ಕಾಣಲ್ಲ ಅಕ್ಕ," ಅಂದೆ.

"ಬೆಳಿಗ್ಗೆ ಕಾಣ್ತಿತ್ತಾ?"

"ಇಲ್ಲ."

ಅಕ್ಕ ಅದನ್ನೇ ಬರೆದ್ರು. ಸುಳ್ಳು ಅಂತ ಬರೀಲಿಲ್ಲ, ನನ್ನ ಮರ್ಯಾದೆ ಕಳೀಲಿಲ್ಲ. 'ಸಾಕ್ಷಿ ಕೂತ ಜಾಗದಿಂದ ಸದರಿ ಬಾಗಿಲು ಕಾಣುವುದಿಲ್ಲ.' ಒಂದೇ ಸಾಲು. ಟೈಲರ್ರೂ ದಿನಸಿ ಅಂಕಲ್ಲೂ ಸೈನ್ ಹಾಕಿದ್ರು. ಅಪ್ಪ ಆ ಹಾಳೆ ಎರಡು ಸಲ ಓದಿ ಗ್ಯಾಸ್ ಅಣ್ಣನ್ನ ಬಿಟ್ಟು ಕಳ್ಸಿದ್ರು. ನಾನು ಆವತ್ತಿನವರೆಗೂ ಪೊಲೀಸ್ ಅಂದ್ರೆ ಲಾಠಿ, ಬೂಟು, ಮೀಸೆ ಅಂದ್ಕೊಂಡಿದ್ದೆ. ಒಂದು ಸಾಲಿಗೆ ಅಷ್ಟು ಶಕ್ತಿ ಇರುತ್ತೆ ಅಂತ ಯಾರು ಹೇಳಿದ್ರು ನನಗೆ?

ಆದ್ರೆ ಬೀದಿ ಮುಂದೆ ಅಪ್ಪನ ಮುಖ ಸಣ್ಣದಾಗಿತ್ತು. ಮಾರನೇ ದಿನ ಬೆಳಿಗ್ಗೆ ಮೇಲೆ ಹೋಗಿ, "ನನ್ ತಮ್ಮ ಬರ್ತಾವ್ನೆ, ರೂಮ್ ಬೇಕು," ಅಂದ್ರು. ನಮ್ಮಪ್ಪನಿಗೆ ತಮ್ಮನೇ ಇಲ್ಲ, ಇರೋ ಮೂವರೂ ಅಕ್ಕಂದ್ರು. ಸುಳ್ಳು ಹೇಳೋದು ನನಗೆ ಎಲ್ಲಿಂದ ಬಂತು ಅಂತ ಆಗ ಗೊತ್ತಾಯ್ತು. ಪರೀಕ್ಷೆಗೆ ಇನ್ನು ಒಂಬತ್ತೇ ದಿನ ಇದೆ ಅಂತ ಅಕ್ಕ ಹೇಳ್ಲೂ ಇಲ್ಲ. ಕುಣಿಗಲ್ಲಲ್ಲಿ ಅವರ ಚಿಕ್ಕಮ್ಮನ ಮನೆಗೆ ಹೊರಟ್ರು. ಆಟೋಗೆ ಟ್ರಂಕು ಹಾಕ್ತಾ ನನ್ನ ನೋಡಿ, "ಕಾಣಲ್ಲ ಅಂದ್ಯಲ್ಲ, ಅದು ಕಷ್ಟ ಕಣೇ. ದೊಡ್ಡೋರೂ ಹೇಳಲ್ಲ," ಅಂದ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು.

ಓಲೆ ಆರು ತಿಂಗಳಾದ ಮೇಲೆ ಸಿಕ್ತು. ಬೀದೀಲಿ ಹತ್ತಿ ಹಿಂಜೋ ಚಾಚಾ ಬಂದಿದ್ರು. ಅಜ್ಜಿ ಹಾಸಿಗೆ ಬಿಚ್ಚಿ, ಬಿಲ್ಲು ಟಂಯ್ ಟಂಯ್ ಅಂತ ಮೀಟ್ತಾ ಇದ್ದವರು ತಟ್ಟಂತ ನಿಲ್ಸಿ, "ಅಮ್ಮಾ, ಇದು ಹತ್ತಿ ಅಲ್ಲ," ಅಂತ ಅಂಗೈ ಚಾಚಿದ್ರು. ಬಲಮಗ್ಗುಲಿಗೆ ಮಲಗಿದ್ರೆ ಕಿವಿ ನೋಯುತ್ತೆ ಅಂತ ಅಜ್ಜಿ ಅದೊಂದನ್ನ ಬಿಚ್ಚಿ, ಹಾಸಿಗೆ ಹೊಲಿಗೆ ಬಿಟ್ಟಿದ್ದ ಕಡೆ ತೂರ್ಸಿ ಮರೆತಿದ್ರು. ಅಪ್ಪ ಆವತ್ತು ಊಟ ಮಾಡ್ಲಿಲ್ಲ. ಭಾನುವಾರ ನನ್ನ ಕರ್ಕೊಂಡು ಕುಣಿಗಲ್ ಬಸ್ ಹತ್ತಿದ್ರು.

ಮನೆ ತುಂಬಾ ಸಣ್ಣ ಮಕ್ಕಳು. ಚಿಕ್ಕಮ್ಮ ಕಾಫಿ ಕೊಟ್ಟು ಹೇಳಿದ್ರು, "ಎರಡು ಮಾರ್ಕಲ್ಲಿ ಹೋಯ್ತು. ಈ ಗಲಾಟೇಲಿ ಏನು ಓದೋಳು ಪಾಪ. ವಯಸ್ಸೂ ಮುಗೀತು. ದಾವಣಗೆರೆ ಕಡೆ ಹಾಸ್ಟೆಲ್ ವಾರ್ಡನ್ ಆಗಿ ಹೋದ್ಲು." ಅಪ್ಪ ಲೋಟ ಹಿಡ್ಕೊಂಡು ಕೂತೇ ಇದ್ರು, ಕುಡೀಲಿಲ್ಲ. ಅಡ್ರೆಸ್ ಈಸ್ಕೊಂಡು ಕಾಗದ ಬರೆದ್ರು. ವಿಳಾಸದಾರರು ಇಲ್ಲ ಅಂತ ವಾಪಸ್ ಬಂತು. ಇನ್ನೊಂದು ಬರೆದ್ರು, ಅದೂ...

ಈಗ ನಾನು ಅದೇ ಕ್ರಿಮಿನಾಲಜಿ ತಗೊಂಡಿದೀನಿ. ಹೋದ ವಾರ ಗ್ಯಾಸ್ ಅಣ್ಣ ಬಂದಿದ್ರು. ಆವತ್ತಿಂದ ಅವರು ನಮ್ಮ ಹೊಸಿಲು ದಾಟಿಲ್ಲ. ಎಷ್ಟು ಕರೆದ್ರೂ ಸಿಲಿಂಡರ್ ಹೊರಗೇ ಇಳ್ಸಿ, ರಸೀದಿಗೆ ಸೈನ್ ಹಾಕ್ಸ್ಕೊಂಡು ಹೋಗ್ತಾರೆ. ನನ್ನ ಕೈಲಿದ್ದ ಪುಸ್ತಕ ನೋಡಿ, "ಏನವ್ವ, ಪೊಲೀಸ್ ಆಗ್ತೀಯಾ?" ಅಂದ್ರು.

ಹೂಂ ಅಂದೆ.

"ಆಗು, ಒಳ್ಳೇದು." ರಸೀದಿ ಮಡಚಿ ಜೇಬಿಗೆ ಇಟ್ಕೊಂಡು, ಮಹಡಿ ಮೆಟ್ಟಿಲ ಕಡೆ ಒಂದ್ಸಲ ನೋಡಿದ್ರು. "ಆ ಯಮ್ಮ ಆಗ್ಬೇಕಿತ್ತು."

ಅವರು ಗೇಟು ದಾಟೋವರೆಗೂ ನಿಂತಿದ್ದು, ಸಿಲಿಂಡರ್ ಉರುಳಿಸ್ಕೊಂಡು ಒಳಗೆ ತಂದೆ.